ಯಾವ ನೆನಪಿಗೆ ಯಾವ ಆಲ್ಬಂ? ಸ್ಕ್ರಾಪ್‌ಬುಕ್ ಕೊಳ್ಳುವ ಮುಂಚೆ

ಸಕಲೇಶಪುರದ ಹತ್ತಿರ ತೋಟದ ಮನೆಯಲ್ಲಿರುವ ಗೆಳತಿ ಹೋದ ತಿಂಗಳು ಫೋನ್ ಮಾಡಿದ್ದಳು. "ಮಗನದು ಒಂದು ಸ್ಕ್ರಾಪ್‌ಬುಕ್ ಮಾಡಬೇಕು ಕಣೇ. ಹನ್ನೆರಡು ಇಂಚಿನ ಆಲ್ಬಂ ತಗೊಳ್ಳಲಾ, ಎಂಟು ಇಂಚಿಂದು ಸಾಕಾ?" ಎಷ್ಟು ಫೋಟೋ ಇದೆ ಎಂದು ಕೇಳಿದೆ. "ಫೋನಲ್ಲಿ ನಾಲ್ಕು ಸಾವಿರ ಇರಬಹುದು" ಅಂದಳು. ಪ್ರಿಂಟ್ ಹಾಕಿಸಿದ್ದೆಷ್ಟು? ಒಂದೂ ಇಲ್ಲ.

ಸ್ಕ್ರಾಪ್‌ಬುಕ್ ಅಂದರೆ ಫೋಟೋ ಜೊತೆಗೆ ಪತ್ರಿಕೆ, ಟಿಕೆಟು ಇಂಥ ನೆನಪಿನ ಸಾಮಾನನ್ನೂ ಅಂಟಿಸಿ, ಪಕ್ಕದಲ್ಲಿ ನಾಲ್ಕು ಸಾಲು ಬರೆದಿಡುವ ಆಲ್ಬಂ. ಇಂಥ ಪ್ರಶ್ನೆಗಳು ನನಗೆ ಆಗಾಗ ಬರುತ್ತವೆ. ಹಾಸನದ ನಮ್ಮ ಮನೆಯ ಬೀರುವಿನಲ್ಲಿ ಒಂದು ಅರೆ ಪೂರ್ತಿ ಆಲ್ಬಂಗಳೇ ಇವೆ. ಅವುಗಳಲ್ಲಿ ನೆಟ್ಟಗೆ ಬಂದಿರುವುದು ಐದೋ ಆರೋ. ಉಳಿದವುಗಳಲ್ಲಿ ಫೋಟೋ ಚೆನ್ನಾಗಿದೆ, ಬರವಣಿಗೆಯೂ ಪರವಾಗಿಲ್ಲ, ಆಲ್ಬಮ್ಮೇ ತಪ್ಪು. ಅಂಗಡಿಗೆ ಹೋದವರು ಮೊದಲು ನೋಡುವುದು ಮೇಲಿನ ರಟ್ಟನ್ನು. ಹೂವಿನ ಚಿತ್ರವಿದೆಯಾ, ಚಿನ್ನದ ಅಕ್ಷರವಿದೆಯಾ ಎಂದು. ನಾನೂ ಹಾಗೇ ಕೊಳ್ಳುತ್ತಿದ್ದೆ. ಈಗ ರಟ್ಟನ್ನು ಕೊನೆಗೆ ನೋಡುತ್ತೇನೆ.

ಕೊಳ್ಳುವ ಮುಂಚೆ ಕೇಳಿಕೊಳ್ಳುವುದು

ನನ್ನ ಮೊದಲ ಪ್ರಶ್ನೆ ಇದು: ನೀವು ಹೇಳಹೊರಟ ಕಥೆ ಮುಗಿದಿದೆಯಾ, ಇನ್ನೂ ನಡೆಯುತ್ತಿದೆಯಾ? ಆಲ್ಬಂ ಆರಿಸುವುದರಲ್ಲಿ ಅರ್ಧ ಕೆಲಸ ಇದೊಂದರಲ್ಲೇ ಮುಗಿಯುತ್ತದೆ. ಬೇಲೂರು, ಹಳೇಬೀಡು ನೋಡಿಕೊಂಡು ಸಂಜೆಗೆ ಮನೆಗೆ ಬಂದ ಪ್ರವಾಸ ಮುಗಿದ ಕಥೆ. ತಂಗಿಯ ಮದುವೆಯೂ ಮುಗಿದ ಕಥೆ. ಆದರೆ ಆಶ್ವೀಜ ಮಾಸದಲ್ಲಿ ವರ್ಷಕ್ಕೊಮ್ಮೆ ಬಾಗಿಲು ತೆರೆಯುವ ಹಾಸನಾಂಬೆಯ ದರ್ಶನ ಮುಗಿಸಿ, ಪ್ರತಿ ಸಲವೂ ಹೊರಗೆ ನಿಂತು ಮನೆಯವರೆಲ್ಲ ಫೋಟೋ ತೆಗೆಸಿಕೊಳ್ಳುವ ಅಭ್ಯಾಸ ನಿಮಗಿದ್ದರೆ ಅದು ಮುಗಿಯದ ಕಥೆ. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕವನ್ನೇ ತಗೊಳ್ಳಿ. 1981, 1993, 2006, 2018. ಈ ನಾಲ್ಕಕ್ಕೂ ಹೋದ ಹಿರಿಯರು ಚನ್ನರಾಯಪಟ್ಟಣದ ಕಡೆ ಎಷ್ಟೋ ಮನೆಗಳಲ್ಲಿದ್ದಾರೆ. ಅವರ ಆಲ್ಬಮ್ಮಿಗೆ ಹನ್ನೆರಡು ವರ್ಷಕ್ಕೊಮ್ಮೆ ಎರಡು ಪುಟ ಸೇರಬೇಕು. ಹೊಲಿದು ಕಟ್ಟಿದ ಪುಸ್ತಕದಲ್ಲಿ ಅದು ಆಗದ ಮಾತು.

ಎರಡನೆಯದು ದಪ್ಪ. ಬರೀ ಫೋಟೋ ಅಂಟಿಸುತ್ತೀರಾ, ಲಗ್ನಪತ್ರಿಕೆ, ಒಣಗಿದ ಎಲೆ, ಮಗುವಿನ ಆಸ್ಪತ್ರೆಯ ಕೈಪಟ್ಟಿ ಇಂಥವೂ ಇವೆಯಾ? ಒಂದು ಲಗ್ನಪತ್ರಿಕೆ ಏಳೆಂಟು ಫೋಟೋಗಳಷ್ಟು ದಪ್ಪವಾದೀತು. ದಪ್ಪ ಜಾಸ್ತಿಯಾದಷ್ಟೂ ಆಲ್ಬಂ ಬಾಯಿ ಬಿಡುತ್ತದೆ.

ಮೂರನೆಯದು ಆಕಾರ. ಬೇಲೂರಿನ ಮದನಿಕೆಯರ ಫೋಟೋ ತೆಗೆದರೆ ಎಲ್ಲವೂ ಉದ್ದಕ್ಕೆ ನಿಂತ ಫೋಟೋಗಳು. ಹಳೇಬೀಡಿನ ಗೋಡೆಯ ಬುಡದಲ್ಲಿ ಸಾಗುವ ಆನೆ ಸಾಲು ಅಡ್ಡಡ್ಡ. ಮುಳ್ಳಯ್ಯನಗಿರಿಯ ಮೇಲೆ ನಿಂತು ತೆಗೆದದ್ದೂ ಅಡ್ಡವೇ. ಎರಡೂ ಬೆರೆತಿದ್ದರೆ ಚೌಕದ ಆಲ್ಬಂ ಒಳ್ಳೆಯದು, ಒಂದೇ ಥರ ಇದ್ದರೆ ಅದಕ್ಕೆ ತಕ್ಕ ಉದ್ದ ಅಗಲ ನೋಡಿ.

ನಾಲ್ಕನೆಯದು, ಯಾರ ಕೈಗೆ ಹೋಗುತ್ತದೆ ಎನ್ನುವುದು. ಎರಡು ವರ್ಷದ ಮಗು ಎಳೆದಾಡುತ್ತದಾ? ಎಂಬತ್ತರ ಅಜ್ಜಿ ತೊಡೆಯ ಮೇಲಿಟ್ಟುಕೊಂಡು ನೋಡುತ್ತಾರಾ? ತುಂಬಿದ ಹನ್ನೆರಡು ಇಂಚಿನ ಆಲ್ಬಮ್ಮನ್ನು ಅಜ್ಜಿ ಎತ್ತಲಾರರು. ಇದನ್ನು ಯಾವ ಅಂಗಡಿಯವರೂ ಹೇಳುವುದಿಲ್ಲ.

ಕೊನೆಯದು, ಆಲ್ಬಂ ಇರುವ ಊರು. ಅರಸೀಕೆರೆ, ಕಡೂರಿನ ಮನೆಯಲ್ಲಿ ನಲವತ್ತು ವರ್ಷ ತಣ್ಣಗಿರುವ ಆಲ್ಬಂ ಮೂಡಿಗೆರೆ, ಕೊಪ್ಪದ ಕಡೆ ನಾಲ್ಕೇ ಮಳೆಗಾಲದಲ್ಲಿ ಬೂಷ್ಟು ಹಿಡಿಯಬಹುದು. ಇದರ ಮಾತು ಮುಂದೆ ಇದೆ, ಯಾಕೆಂದರೆ ನಾನು ಪೆಟ್ಟು ತಿಂದದ್ದು ಅಲ್ಲೇ.

ಅಳತೆಯ ಲೆಕ್ಕ

ಸ್ಟುಡಿಯೋದಲ್ಲಿ ಮಾಮೂಲಿ ಸಿಗುವ ಪ್ರಿಂಟ್ 4×6 ಇಂಚಿನದು. 12×12ರ ಪುಟದಲ್ಲಿ ಲೆಕ್ಕದ ಪ್ರಕಾರ ಇಂಥ ಆರು ಹಿಡಿಯುತ್ತವೆ. ಬರೆಯಲು ಜಾಗ ಬಿಟ್ಟರೆ ಮೂರು, ಬಹಳವೆಂದರೆ ನಾಲ್ಕು. 8×8ರಲ್ಲಿ ಒಂದು ಫೋಟೋ ಮತ್ತು ನಾಲ್ಕು ಸಾಲು, ಇಲ್ಲವೇ ಒತ್ತಿಕೊಂಡು ಎರಡು. 6×6ರಲ್ಲಿ ಒಂದೇ, ಕೆಳಗೆ ಎರಡು ಇಂಚಿನ ಪಟ್ಟಿಯಷ್ಟು ಜಾಗ ಉಳಿಯುತ್ತದೆ. ಎ4ರಲ್ಲಿ ಎರಡು ಫೋಟೋ ಮತ್ತು ಧಾರಾಳವಾಗಿ ಬರವಣಿಗೆ.

ಹನ್ನೆರಡು ಇಂಚಿನದು ನೋಡಲು ಭವ್ಯ. ಆದರೆ ಅದನ್ನು ತುಂಬಿಸಲು ದಮ್ಮು ಬೇಕು. ನಲವತ್ತು ಪುಟದ ಆಲ್ಬಂ ಅಂದರೆ ನೂರಿಪ್ಪತ್ತು ಫೋಟೋ ಆರಿಸಿ, ಪ್ರಿಂಟ್ ಹಾಕಿಸಿ, ಕತ್ತರಿಸಿ, ಅಂಟಿಸಬೇಕು. ನಾನು ತಂಗಿಯ ಮಗಳ ಮೊದಲ ವರ್ಷಕ್ಕೆಂದು ಒಂದು ಕೊಂಡೆ. ಹನ್ನೊಂದು ಪುಟಕ್ಕೆ ನಿಂತುಹೋಯಿತು. ಹುಡುಗಿ ಈಗ ಏಳನೇ ಕ್ಲಾಸು.

ಜೊತೆಗೆ ಇನ್ನೊಂದು ತೊಡಕು: 12×12ರ ಕಾಗದವಾಗಲಿ, ಅದಕ್ಕೆ ಹೊಂದುವ ಪ್ಲಾಸ್ಟಿಕ್ ಕವರ್ ಆಗಲಿ ನಮ್ಮೂರಿನ ಸ್ಟೇಷನರಿ ಅಂಗಡಿಯಲ್ಲಿ ನನಗೆ ಸಿಕ್ಕಿಲ್ಲ. ಬೆಂಗಳೂರಿಗೆ ಹೋದಾಗ ತರಬೇಕು, ಇಲ್ಲ ಆನ್‌ಲೈನಲ್ಲಿ ತರಿಸಬೇಕು. ಎ4 ಹಾಗಲ್ಲ. ಹಾಸನದ ಸಾಲಗಾಮೆ ರಸ್ತೆಯಲ್ಲಾಗಲಿ, ಚಿಕ್ಕಮಗಳೂರಿನ ಐ.ಜಿ. ರಸ್ತೆಯಲ್ಲಾಗಲಿ ಎ4ರ ಕಾರ್ಡ್‌ಶೀಟು, ಶೀಟ್ ಪ್ರೊಟೆಕ್ಟರು (ಹಾಳೆ ತೂರಿಸುವ ಪ್ಲಾಸ್ಟಿಕ್ ಕವರು), ರಿಂಗ್ ಫೈಲು ಕೇಳಿದರೆ ಯಾರೂ ನಿಮ್ಮನ್ನು ವಿಚಿತ್ರವಾಗಿ ನೋಡುವುದಿಲ್ಲ. ಮನೆಯ ಪ್ರಿಂಟರಿಗೂ ಜೆರಾಕ್ಸ್ ಅಂಗಡಿಗೂ ಹೊಂದುವುದು ಇದೇ ಅಳತೆ.

ಕಟ್ಟಿದ ರೀತಿ

ಆಲ್ಬಮ್ಮುಗಳ ನಿಜವಾದ ವ್ಯತ್ಯಾಸ ಇರುವುದು ಬೆನ್ನಿನಲ್ಲಿ.

ರಿಂಗ್ ಆಲ್ಬಂ ಬೆಳೆಯುವ ಕಥೆಗೆ. ಪುಟ ಸೇರಿಸಬಹುದು, ತೆಗೆಯಬಹುದು, ಹಿಂದೆ ಮುಂದೆ ಮಾಡಬಹುದು. 2006ರ ಫೋಟೋ ಹತ್ತು ವರ್ಷ ಬಿಟ್ಟು ಚಿಕ್ಕಪ್ಪನ ಮನೆಯಲ್ಲಿ ಸಿಕ್ಕಿದರೂ ಅದರ ಜಾಗದಲ್ಲೇ ಕೂರಿಸಬಹುದು. ಕೊಳ್ಳುವಾಗ ರಿಂಗಿನ ಆಕಾರ ನೋಡಿ. ಪೂರ್ತಿ ದುಂಡಗಿದ್ದರೆ ಪುಟಗಳು ಬೆನ್ನಿನ ಕಡೆ ಸೊಟ್ಟಗೆ ಕೂತು ಅಂಚು ಮಡಚಿಕೊಳ್ಳುತ್ತದೆ. ಇಂಗ್ಲಿಷಿನ ಡಿ ಅಕ್ಷರದ ಹಾಗಿರುವ ರಿಂಗಿನಲ್ಲಿ ಪುಟಗಳು ಒಂದರ ಮೇಲೊಂದು ನೆಟ್ಟಗೆ ಕೂರುತ್ತವೆ, ಹಿಡಿಸುವುದೂ ಜಾಸ್ತಿ. ಇದರ ಕೊರತೆ ಏನೆಂದರೆ ಎರಡು ಪುಟದ ನಡುವೆ ರಿಂಗ್ ಅಡ್ಡ ಬರುತ್ತದೆ. ಬಾಬಾಬುಡನ್‌ಗಿರಿ ಸಾಲಿನ ಅಗಲವಾದ ಫೋಟೋವನ್ನು ಎರಡೂ ಪುಟಕ್ಕೆ ಹರಡಲು ಹೋದರೆ ನಡುವೆ ಕಂದಕ ಬಿದ್ದ ಹಾಗೆ ಕಾಣುತ್ತದೆ.

ಆ ಆಸೆಯಿದ್ದವರಿಗೆ ಸ್ಕ್ರೂ ಹಾಕಿದ ಆಲ್ಬಂ ಇದೆ. ಪೋಸ್ಟ್‌ಬೌಂಡ್ ಎಂಬ ಹೆಸರಿನಲ್ಲಿ ಮಾರುತ್ತಾರೆ. ಎರಡೋ ಮೂರೋ ಲೋಹದ ಕಂಬಿಗೆ ಪುಟ ಪೋಣಿಸಿ ಸ್ಕ್ರೂ ಬಿಗಿಯುವುದು. ಎರಡು ಪುಟಗಳು ಒತ್ತಾಗಿ ಕೂರುವುದರಿಂದ ಅಗಲದ ಫೋಟೋ ಚೆಂದ. ಪುಟ ಜಾಸ್ತಿಯಾದರೆ ಕಂಬಿಗೆ ಇನ್ನೊಂದು ತುಂಡು ಜೋಡಿಸಿ ಉದ್ದ ಮಾಡಬಹುದು. ಆದರೆ ನಡುವೆ ಒಂದು ಪುಟ ಸೇರಿಸಬೇಕೆಂದರೆ ಸ್ಕ್ರೂ ಬಿಚ್ಚಿ, ಮೇಲಿನದನ್ನೆಲ್ಲ ತೆಗೆದಿಟ್ಟು ಮತ್ತೆ ಪೋಣಿಸಬೇಕು. ಸೋಮಾರಿಗಳಿಗೆ ಅಲ್ಲ. ಬೆಲೆಯೂ ಜಾಸ್ತಿ. ನನ್ನನ್ನು ಕೇಳಿದರೆ, ವರ್ಷಕ್ಕೊಮ್ಮೆ ಕೂತು ಆ ವರ್ಷದ್ದೆಲ್ಲ ಒಟ್ಟಿಗೆ ಸೇರಿಸುವ ಶಿಸ್ತಿನವರಿಗೆ ಮಾತ್ರ ಇದು.

ಸ್ಪೈರಲ್ ಸ್ಕ್ರಾಪ್‌ಬುಕ್ ಎಲ್ಲರೂ ಕಂಡಿರುವುದು. ಕಪ್ಪು ಇಲ್ಲವೇ ಕಂದು ಬಣ್ಣದ ದಪ್ಪ ಹಾಳೆ, ಬೆನ್ನಿಗೆ ತಂತಿ. ಪೂರ್ತಿ ಬಿಚ್ಚಿ ಹಿಂದಕ್ಕೆ ಮಡಚಬಹುದು, ಅಂಟಿಸಲು ಆರಾಮ, ದಪ್ಪದ ಸಾಮಾನನ್ನೂ ಒಂದು ಮಟ್ಟಕ್ಕೆ ತಡೆದುಕೊಳ್ಳುತ್ತದೆ. ಪುಟ ಸೇರಿಸಲು ಬರುವುದಿಲ್ಲ. ಫೋಟೋಗಳು ಎದುರುಬದುರು ಉಜ್ಜಿಕೊಳ್ಳುತ್ತವೆ. ಕಪ್ಪು ಹಾಳೆಗೆ ಬಿಳಿ ಜೆಲ್ ಪೆನ್ನು ಬೇಕು, ಆ ಪೆನ್ನು ಮೂರು ಪುಟ ಬರೆಯುವಷ್ಟರಲ್ಲಿ ಕೈಕೊಡುತ್ತದೆ! ಆದರೂ ಒಂದು ದಿನದ ಪ್ರವಾಸಕ್ಕೆ, ಕಾಲೇಜು ಬಿಡುವಾಗ ಗೆಳತಿಗೆ ಕೊಡುವ ಉಡುಗೊರೆಗೆ ಇದಕ್ಕಿಂತ ಬೇರೆ ಬೇಡ.

ಹೊಲಿದು ಕಟ್ಟಿದ ಆಲ್ಬಂ ಮೇಲೆ ನನಗೆ ಸ್ವಲ್ಪ ಪಕ್ಷಪಾತ ಇದೆ. ಮುಗಿದ ಕಥೆಗೆ ಇದರಷ್ಟು ಗಟ್ಟಿಯಾದದ್ದು ಇಲ್ಲ. ತಯಾರಾಗಿದ್ದನ್ನೇ ಕೊಳ್ಳಬೇಕೆಂದಿಲ್ಲ. ಪ್ರಿಂಟಿಂಗ್ ಪ್ರೆಸ್ಸುಗಳ ಆಸುಪಾಸಿನಲ್ಲಿ ಲೆಡ್ಜರು, ಲೈಬ್ರರಿ ಪುಸ್ತಕಗಳಿಗೆ ಬೈಂಡ್ ಹಾಕುವವರು ಇರುತ್ತಾರೆ. ನಿಮಗೆ ಬೇಕಾದ ದಪ್ಪ ಹಾಳೆ ಕೊಂಡು ಕೊಟ್ಟರೆ ಹೊಲಿದು, ರಟ್ಟು ಹಾಕಿ, ಬಟ್ಟೆಯ ಬೆನ್ನು ಕೊಡುತ್ತಾರೆ. ಒಂದು ಮಾತು ಮಾತ್ರ ಮರೆಯದೆ ಹೇಳಿ: ಪ್ರತಿ ಹಾಳೆಯ ನಡುವೆ ಬೆನ್ನಿನ ಕಡೆ ಅರ್ಧ ಇಂಚು ಅಗಲದ ಖಾಲಿ ಪಟ್ಟಿ ಸೇರಿಸಿ ಹೊಲಿಯಬೇಕು. ಆ ಪಟ್ಟಿ ಬೆನ್ನಿಗೆ ದಪ್ಪ ಕೊಡುತ್ತದೆ. ನೀವು ಫೋಟೋ ಅಂಟಿಸಿದಾಗ ಪುಟಗಳಿಗೂ ಅಷ್ಟೇ ದಪ್ಪ ಬಂದು ಪುಸ್ತಕ ಸಮವಾಗಿ ಮುಚ್ಚುತ್ತದೆ. ಪಟ್ಟಿ ಇಲ್ಲದಿದ್ದರೆ ಅರ್ಧ ತುಂಬುವಷ್ಟರಲ್ಲಿ ಬೀಸಣಿಗೆ ಹಾಗೆ ತೆರೆದುಕೊಂಡು ನಿಲ್ಲುತ್ತದೆ.

ಜೇಬಿನ ಆಲ್ಬಂ, ಅಂದರೆ ಪ್ಲಾಸ್ಟಿಕ್ ಜೇಬಿಗೆ 4×6 ಫೋಟೋ ತೂರಿಸುವುದು, ಬೇಗ ಆಗುವ ಕೆಲಸ. ಬರೆಯಲು ಜಾಗವಿಲ್ಲ. ಆದರೆ ಪುಟ್ಟ ಮಕ್ಕಳಿಗೆ, ವಯಸ್ಸಾದವರಿಗೆ ಕೈಯಲ್ಲಿ ಹಿಡಿಯಲು ಸಲೀಸು. ಜೇಬಿನಲ್ಲಿ ಒಂದು ಫೋಟೋ, ಅದರ ಪಕ್ಕದ ಜೇಬಿನಲ್ಲಿ ಅದೇ ಅಳತೆಗೆ ಕತ್ತರಿಸಿದ ಕಾರ್ಡಿನ ಮೇಲೆ ಬರಹ, ಹೀಗೆ ಮಾಡಿದರೆ ಅದೂ ಒಳ್ಳೆಯ ಸ್ಕ್ರಾಪ್‌ಬುಕ್ಕೇ. ಕೆಲಸಕ್ಕೆ ಹೋಗುವ ತಾಯಂದಿರಿಗೆ ನಾನು ಹೇಳುವುದು ಇದನ್ನೇ.

ಇನ್ನು ಮದುವೆಯವರು ಮಾಡಿಸುವ ಕರಿಷ್ಮಾ ಆಲ್ಬಂ. ಅದು ಫೋಟೋಗ್ರಾಫರ್ ಮಾಡುವ ಪುಸ್ತಕ, ನಿಮ್ಮದಲ್ಲ. ಅದರ ಜೊತೆಗೆ ಒಂದು ಪುಟ್ಟ 8×8 ಇಟ್ಟುಕೊಂಡು ಲಗ್ನಪತ್ರಿಕೆ, ಅಡುಗೆಯವರು ಬರೆಸಿದ ಸಾಮಾನಿನ ಪಟ್ಟಿ, ಫೋನಿನಲ್ಲಿ ಯಾರೋ ತೆಗೆದ ನಗೆಯ ಫೋಟೋ ಅಂಟಿಸಿ. ಹತ್ತು ವರ್ಷದ ಮೇಲೆ ಜನ ಬಿಚ್ಚಿ ನೋಡುವುದು ಈ ಎರಡನೆಯದನ್ನು.

ಕೊಳ್ಳಲೇಬಾರದ ಒಂದು

ಪ್ಲಾಸ್ಟಿಕ್ ಹಾಳೆ ಎತ್ತಿ, ಅಂಟಿನ ಗೆರೆಗಳ ಮೇಲೆ ಫೋಟೋ ಇಟ್ಟು, ಮತ್ತೆ ಹಾಳೆ ಮುಚ್ಚುವ ಆಲ್ಬಂ ನೆನಪಿದೆಯಾ? ಮ್ಯಾಗ್ನೆಟಿಕ್ ಆಲ್ಬಂ ಎನ್ನುತ್ತಿದ್ದರು. ಅದರಲ್ಲಿ ಮ್ಯಾಗ್ನೆಟ್ ಎಂಬುದೇ ಇಲ್ಲ, ಇರುವುದು ಬರೀ ಗೋಂದು. ಆ ಗೋಂದು ವರ್ಷ ಕಳೆದಂತೆ ಹಳದಿಯಾಗುತ್ತದೆ. ಕೆಲವು ಕಡೆ ಫೋಟೋ ಬಿದ್ದುಹೋಗುತ್ತದೆ, ಕೆಲವು ಕಡೆ ಜನ್ಮಕ್ಕೂ ಬಿಡದ ಹಾಗೆ ಹಿಡಿದುಕೊಳ್ಳುತ್ತದೆ. ಮೂಡಿಗೆರೆ ಹತ್ತಿರದ ನನ್ನ ತವರಿನಲ್ಲಿ ಅಮ್ಮ ಇಂಥದ್ದರಲ್ಲೇ ನಮ್ಮ ಬಾಲ್ಯವನ್ನೆಲ್ಲ ಇಟ್ಟಿದ್ದರು. ಮಳೆಗಾಲದ ತೇವಕ್ಕೆ ಮೇಲಿನ ಪ್ಲಾಸ್ಟಿಕ್ಕೇ ಫೋಟೋಗೆ ಅಂಟಿಕೊಂಡು, ಎಳೆದಾಗ ನನ್ನ ನಾಮಕರಣದ ಫೋಟೋದಲ್ಲಿ ಅಜ್ಜನ ಮುಖವೇ ಕಿತ್ತು ಬಂತು. ಆ ಫೋಟೋದ ನೆಗೆಟಿವ್ ಇಲ್ಲ.

ನಿಮ್ಮ ಮನೆಯಲ್ಲಿ ಇದ್ದರೆ, ಮೊದಲು ಇದ್ದ ಹಾಗೇ ಪ್ರತಿ ಪುಟವನ್ನೂ ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ. ಆಮೇಲೆ ಹಲ್ಲಿನ ಸಂದಿಗೆ ಹಾಕುವ ಫ್ಲಾಸ್ ದಾರವನ್ನು ಫೋಟೋದ ಹಿಂದೆ ತೂರಿಸಿ ಗರಗಸದ ಹಾಗೆ ಮೆಲ್ಲಗೆ ಎಳೆಯಿರಿ. ಬಿಡದಿದ್ದರೆ ಸುಮ್ನೆ ಬಿಟ್ಟುಬಿಡಿ.

ಕಾಗದ, ಪ್ಲಾಸ್ಟಿಕ್, ಬೂಷ್ಟು

ಆಲ್ಬಮ್ಮಿನ ಮೇಲೆ ಆಸಿಡ್ ಫ್ರೀ, ಲಿಗ್ನಿನ್ ಫ್ರೀ ಎಂದು ಬರೆದಿದೆಯಾ ನೋಡಿ. ಲಿಗ್ನಿನ್ ಮರದಲ್ಲೇ ಇರುವ ಪದಾರ್ಥ. ದಿನಪತ್ರಿಕೆ ಬಿಸಿಲಿಗೆ ಹಳದಿಯಾಗುವುದು ಅದರಿಂದಲೇ. ಹಾಗಾಗಿ ಮಗನ ಹೆಸರು ಪೇಪರಿನಲ್ಲಿ ಬಂದ ತುಂಡನ್ನು ಫೋಟೋ ಪಕ್ಕ ಅಂಟಿಸಬೇಡಿ. ಅದು ತಾನೂ ಹಳದಿಯಾಗಿ ಪಕ್ಕದ ಪುಟಕ್ಕೂ ಕಲೆ ಹಚ್ಚುತ್ತದೆ. ಒಳ್ಳೆಯ ಕಾಗದದ ಮೇಲೆ ಜೆರಾಕ್ಸ್ ಮಾಡಿಸಿ ಅಂಟಿಸಿ. ಮಷಿನ್ನಿನ ಬಸ್ ಟಿಕೆಟು, ಹೋಟೆಲ್ ಬಿಲ್ಲು ಇವೆಲ್ಲ ಶಾಖಕ್ಕೆ ಅಕ್ಷರ ಮೂಡುವ ಕಾಗದ. ಅಂಟು, ಪ್ಲಾಸ್ಟಿಕ್ ತಗುಲಿದರೆ ಇನ್ನೂ ಬೇಗ ಮಾಸುತ್ತವೆ. ಹಾಸನದಿಂದ ಬೇಲೂರಿಗೆ ಹೋದ ಟಿಕೆಟ್ ಉಳಿಯಬೇಕೆಂದರೆ ಮನೆಗೆ ಬಂದ ದಿನವೇ ಅದನ್ನೂ ಜೆರಾಕ್ಸ್ ಮಾಡಿಸಿ.

ಪ್ಲಾಸ್ಟಿಕ್ ಕವರಿನಲ್ಲಿ ಪಿವಿಸಿ ಬೇಡ, ಪಾಲಿಪ್ರೊಪಿಲೀನ್ ಬೇಕು. ಮೂರು ಬಾಣದ ತ್ರಿಕೋನದ ಒಳಗೆ 5 ಎಂದಿದ್ದರೆ ಪಾಲಿಪ್ರೊಪಿಲೀನ್, 3 ಎಂದಿದ್ದರೆ ಪಿವಿಸಿ. ಗುರುತೇ ಇಲ್ಲದಿದ್ದರೆ ಮೂಸಿ ನೋಡಿ. ಹೊಸ ರೇನ್‌ಕೋಟಿನ ವಾಸನೆ ಮಲೆನಾಡಿನವರಿಗೆ ಹೇಳಿಕೊಡಬೇಕಾ? ಆ ವಾಸನೆ ಬಂದರೆ ವಾಪಸ್ ಇಟ್ಟುಬಿಡಿ.

ಗಾಳಿಯ ತೇವಾಂಶ ಶೇಕಡ 65 ದಾಟಿ ದಿನಗಟ್ಟಲೆ ನಿಂತರೆ ಬೂಷ್ಟಿಗೆ ಹಬ್ಬ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಅಂಚಿನ ಮನೆಗಳಲ್ಲಿ ಗೋಡೆಯೇ ಬೆವರುತ್ತದೆ. ಅಲ್ಲಿಯವರು ಆರಿಸುವಾಗ ಮೂರು ವಿಷಯ ನೋಡಬೇಕು. ರಟ್ಟಿನ ಮೇಲೆ ವೆಲ್ವೆಟ್ ಅಥವಾ ದಪ್ಪ ಬಟ್ಟೆ ಬೇಡ, ಒರೆಸಲು ಬರುವ ಹೊದಿಕೆ ಇರಲಿ. ಪ್ರತಿ ಪುಟಕ್ಕೂ ಕವರ್ ಇರಲಿ, ಆದರೆ ಒಂದು ಕಡೆ ಬಾಯಿ ತೆರೆದಿರಲಿ, ಪೂರ್ತಿ ಸೀಲ್ ಮಾಡಿದರೆ ತೇವ ಒಳಗೇ ಉಳಿಯುತ್ತದೆ. ಮೈದಾ ಅಂಟು ಬಳಸಲೇಬೇಡಿ, ಬೂಷ್ಟಿಗೂ ಹುಳಕ್ಕೂ ಅದು ಪಾಯಸ. ಮನೆಯ ಇಂಕ್‌ಜೆಟ್ ಪ್ರಿಂಟಿಗೆ ನೀರು ತಗುಲಿದರೆ ಬಣ್ಣ ಹರಡುತ್ತದೆ. ಲ್ಯಾಬಿನ ಪ್ರಿಂಟ್ ಅದಕ್ಕಿಂತ ಗಟ್ಟಿ. ಆಲ್ಬಂ ಸಿಗುವುದು ಬಿಡುವುದು ಹಾಗಿರಲಿ, ಇಡುವ ಜಾಗವೂ ಮುಖ್ಯ. ಹೊರಗೋಡೆಗೆ ತಾಗಿದ ಗೂಡು ಬೇಡ. ಬೀರುವಿನ ಮೇಲರೆ, ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ಲಿನ ನಾಲ್ಕು ಪೊಟ್ಟಣ. ಜನವರಿಯ ಒಣ ಗಾಳಿಯಲ್ಲಿ ಒಂದು ದಿನ ನೆರಳಿನಲ್ಲಿ ಬಿಚ್ಚಿಡಿ.

ನಿಮ್ಮ ವಿಷಯಕ್ಕೆ ಯಾವುದು

ಮಗುವಿನ ಮೊದಲ ವರ್ಷ ಹನ್ನೆರಡು ತಿಂಗಳಿಗೆ ಮುಗಿಯುವ ಕಥೆ, ಆದರೆ ಅಂಟಿಸುವವರಿಗೆ ನಿದ್ದೆಯೇ ಇಲ್ಲದ ವರ್ಷ. ಜೇಬಿನ ಆಲ್ಬಂ ಇಲ್ಲವೇ 8×8, ತಿಂಗಳಿಗೆ ಎರಡು ಪುಟ, ಅಷ್ಟೇ. ಶಾಲೆಯ ವರ್ಷಗಳಿಗೆ ಎ4 ರಿಂಗ್ ಕಣ್ಣು ಮುಚ್ಚಿಕೊಂಡು ತಗೊಳ್ಳಿ. ಅಂಕಪಟ್ಟಿ, ಸರ್ಟಿಫಿಕೇಟು, ಮಡಚದೆ ಇಡಬೇಕಾದ ಚಿತ್ರಗಳು ಹೆಚ್ಚಾಗಿ ಆ ಅಳತೆಯವೇ.

ಅಜ್ಜ ಅಜ್ಜಿಯ ಕಪ್ಪು ಬಿಳುಪು ಫೋಟೋಗಳಿಗೆ ಹೊಲಿದ ಆಲ್ಬಂ ಮಾಡಿಸಿ. ಆದರೆ ಅಂಟಿಸಬೇಡಿ. ನಾಲ್ಕು ಮೂಲೆಗೆ ಫೋಟೋ ಕಾರ್ನರ್, ಅಂದರೆ ಫೋಟೋದ ಮೂಲೆ ತೂರಿಸುವ ಪುಟ್ಟ ಜೇಬು, ಹಾಕಿ ಕೂರಿಸಿ, ನಾಳೆ ಬೇಕೆಂದಾಗ ತೆಗೆಯಬಹುದು. ಪುಟಗಳ ನಡುವೆ ಆಸಿಡ್ ಇಲ್ಲದ ತೆಳು ಕಾಗದ ಹಾಕಿ. ಫೋಟೋದ ಹಿಂದೆ ಬಾಲ್‌ಪೆನ್ನಿನಲ್ಲಿ ಒತ್ತಿ ಬರೆಯಬೇಡಿ, ಮುಂದೆ ಗೀರು ಮೂಡುತ್ತದೆ. ಮೆತ್ತನೆಯ ಪೆನ್ಸಿಲ್ ಸಾಕು. ಯಾರು ಯಾರ ಪಕ್ಕ ನಿಂತಿದ್ದಾರೆ ಎಂದು ಹೇಳುವ ಹಿರಿಯರು ಇರುವಾಗಲೇ ಬರೆದುಕೊಳ್ಳಿ. ಆಲ್ಬಂ ಆಮೇಲೆ ಬಂದರೂ ನಡೆಯುತ್ತದೆ.

ತೋಟದ ಆಲ್ಬಂ ಮಾಡುವವರು ನಮ್ಮ ಕಡೆ ಈಗ ಜಾಸ್ತಿಯಾಗಿದ್ದಾರೆ. ಮಾರ್ಚ್, ಏಪ್ರಿಲ್‌ನ ಹೂಮಳೆಗೆ ಕಾಫಿ ಗಿಡ ಬೆಳ್ಳಗಾಗುವುದರಿಂದ ಹಿಡಿದು ಹಣ್ಣು ಕೊಯ್ದು ಕಣದಲ್ಲಿ ಒಣಗಿಸುವವರೆಗೆ. ಇದು ಪ್ರತಿ ವರ್ಷ ಮರಳುವ ಕಥೆ, ಜೊತೆಗೆ ಎಲೆ, ತೊಗಟೆ ಎಲ್ಲ ಅಂಟಿಸುವ ಆಸೆ. ಹಾಗಾಗಿ ದೊಡ್ಡ ಡಿ ರಿಂಗ್, ಪ್ರತಿ ಪುಟಕ್ಕೂ ಕವರ್. ಸಿಲ್ವರ್ ಓಕ್ ಎಲೆ ಚಪ್ಪಟೆಯಾಗಿ ಒಣಗುತ್ತದೆ, ಅಡಿಯ ಬೆಳ್ಳಿ ಬಣ್ಣವೂ ಚೆಂದ. ಕಾಫಿ ಹೂವು ಒಣಗಿದರೆ ಕಂದಾಗುತ್ತದೆ, ಅದಕ್ಕೆ ಫೋಟೋನೇ ಸರಿ. ಹುರಿದ ಬೀಜ ಅಂಟಿಸಿದರೆ ಎಣ್ಣೆ ಕಲೆ ಬೀಳುತ್ತದೆ. ಎಲೆ ಒಣಗಿಸುವುದಿದ್ದರೆ ಬೇಸಿಗೆಯಲ್ಲೇ ಮಾಡಿ, ಆಷಾಢದಲ್ಲಿ ಇಟ್ಟ ಎಲೆ ಒಣಗುವ ಬದಲು ಕೊಳೆಯುತ್ತದೆ.

ಅಜ್ಜಿಯ ಅಡುಗೆಯ ಪುಸ್ತಕ, ಅಂದರೆ ಕಳಲೆ ಪಲ್ಯ, ಕಡುಬು, ಮಾವಿನಮಿಡಿ ಉಪ್ಪಿನಕಾಯಿ ಇವೆಲ್ಲ ಒಲೆಯ ಪಕ್ಕ ಬಿಚ್ಚಿಕೊಳ್ಳಬೇಕಾದದ್ದು. ಎ5 ರಿಂಗ್, ಪ್ಲಾಸ್ಟಿಕ್ ಕವರ್. ಅಜ್ಜಿಯ ಕೈಬರಹದ ಮೂಲ ಚೀಟಿ ಬೀರುವಿನಲ್ಲಿರಲಿ, ಜೆರಾಕ್ಸ್ ಅಡುಗೆಮನೆಯಲ್ಲಿ ಎಣ್ಣೆ ಕುಡಿಯಲಿ.

ದುಡ್ಡು

ಕಡಿಮೆಯಲ್ಲಿ ಆಗಬೇಕೆಂದರೆ ಎ4 ರಿಂಗ್ ಫೈಲು, ಶೀಟ್ ಪ್ರೊಟೆಕ್ಟರು, ದಪ್ಪ ಕಾರ್ಡ್‌ಶೀಟು. ಐದುನೂರು ರೂಪಾಯಿಯೊಳಗೆ ಮುಗಿಸಬಹುದು. ನೋಡಲು ಆಫೀಸು ಫೈಲಿನ ಹಾಗಿರುತ್ತದೆ ಎನ್ನುವವರು ಹಳೆಯ ಕಾಟನ್ ಸೀರೆಯ ಅಂಚು ಸುತ್ತಿ ಹೊದಿಸಲಿ. ಸ್ವಲ್ಪ ಜಾಸ್ತಿ ಹಾಕುವವರಿಗೆ ಬೈಂಡರ್ ಕೈಯಲ್ಲಿ ಮಾಡಿಸಿದ್ದೇ ನನ್ನ ಆಯ್ಕೆ. 12×12 ಸ್ಕ್ರೂ ಆಲ್ಬಮ್ಮಿಗೆ ಆಲ್ಬಮ್ಮಿನ ಬೆಲೆ ಮಾತ್ರ ನೋಡಿ ಮೋಸ ಹೋಗಬೇಡಿ. ಅದರ ಕವರು, ಕಾಗದ, ಉದ್ದದ ಕಂಬಿ ಎಲ್ಲ ಬೇರೆ ಬೇರೆ ಕೊಳ್ಳಬೇಕು, ನಾಲ್ಕು ವರ್ಷದ ಮೇಲೆ ಅದೇ ಅಳತೆಯ ಪುಟ ಸಿಗದೆಯೂ ಹೋಗಬಹುದು. ಯಾವ ಆಲ್ಬಂ ಆದರೂ ಫೋಟೋ ಪ್ರಿಂಟಿನ ಖರ್ಚನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ. ಆಲ್ಬಮ್ಮಿಗಿಂತ ಅದೇ ಜಾಸ್ತಿ ಆಗುವುದುಂಟು.

ಗೆಳತಿಗೆ ಕೊನೆಗೆ ಒಂದೇ ಮಾತು ಹೇಳಿದೆ. ನಾಲ್ಕು ಸಾವಿರದಲ್ಲಿ ಅರವತ್ತು ಫೋಟೋ ಆರಿಸಿ ಪ್ರಿಂಟ್ ಹಾಕಿಸು. ಹಳೆ ಪೇಪರನ್ನು ಹನ್ನೆರಡು ಇಂಚಿನ ಚೌಕ, ಎಂಟು ಇಂಚಿನ ಚೌಕ, ಎ4 ಹೀಗೆ ಕತ್ತರಿಸಿ ಮಂಚದ ಮೇಲೆ ಹರಡಿ, ಅದರ ಮೇಲೆ ಫೋಟೋ ಜೋಡಿಸಿ ನೋಡು. ಭಾನುವಾರ ಒಂದು ಚಿತ್ರ ಕಳಿಸಿದಳು. ಎ4ರ ಮೇಲೆ ಮಗನ ಎರಡು ಫೋಟೋ, ಶಾಲೆಯ ಸರ್ಟಿಫಿಕೇಟು, ಕೆಳಗೆ ಬರೆಯಲು ಜಾಗ. ಹನ್ನೆರಡು ಇಂಚಿನ ಪೇಪರಿನ ಮೇಲೆ ಅವರ ಮನೆಯ ಬೆಕ್ಕು ಮಲಗಿತ್ತು. ಸೋಮವಾರ ರಿಂಗ್ ಫೈಲು ತಂದಳಂತೆ.